ಹಗ್ಗದ ಎರಡು ತುದಿ

(ಬಾನುಲಿ ಭಾಷಣ)

ಹಿಂದೆ ನಮ್ಮ ಹಳ್ಳಿಗಳ ಅರಳಿಕಟ್ಟೆಯ ಮೇಲೆ ಸಂಜೆಯ ಹೊತ್ತು ನಡೆಯುತ್ತಿದ್ದ ಜಗಳಗಳಲ್ಲಿ ಒಂದು ಬಗೆಯದು ಎಂದೂ ಮುಗಿಯುತ್ತಿರಲಿಲ್ಲ. ಮುಗಿಯಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ಅದು ಎತ್ತುಗಳ ಜಗಳ. ತನ್ನ ಹಳ್ಳಿಕಾರ್ ಜೋಡಿ ಅಚ್ಚಿನವರೆಗೆ ಹೂತ ಗಾಡಿಯನ್ನು ಹೊಳೆಯ ಹುದುಲಿನಿಂದ ಎಳೆದು ದಡ ಹತ್ತಿಸಿತೆಂದು ಒಬ್ಬನು ಹೇಳಿದರೆ, ತನ್ನ ಅಮೃತಮಹಲ್ ಜೋಡಿ ಎಲ್ಲಿಯೂ ನಿಲ್ಲದೆ ಏರು ಹತ್ತಿತೆಂದು ಇನ್ನೊಬ್ಬನು ಹೇಳುವನು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಎತ್ತು ಸಾಕಿದವರಿಗೂ ಸಲ್ಲುತ್ತದೆ. ಆದರೆ ಆ ಜಗಳದಲ್ಲಿ ಒಂದು ವಿಶೇಷವುಂಟು. ಮಾರನೆಯ ದಿನ ಮಳೆ ಸುರಿದು ಒಬ್ಬನ ಗಾಡಿ ಹೂತರೆ, ತನ್ನ ಎತ್ತುಗಳನ್ನು ಹೊಡೆದುಕೊಂಡು ಮೊದಲು ಓಡಿಬರುತ್ತಿದ್ದವನು ಹಿಂದಿನ ಸಂಜೆಯ ಎದುರಾಳಿಯೇ.

ಎತ್ತುಗಳ ಕಾಲ ಬಹುಮಟ್ಟಿಗೆ ಹಿಂದೆ ಸರಿದಿದೆ, ಜಗಳ ಉಳಿದಿದೆ. ಇಂದು ಅದು ನಡೆಯುವುದು ರಸ್ತೆ ಮುಗಿದ ಮೇಲೂ ಮುಂದೆ ಹೋಗಬಲ್ಲ ವಾಹನಗಳ ಒಡೆಯರ ನಡುವೆ. ಸಾಮಾನ್ಯ ಕಾರಿನಲ್ಲಿ ಇಂಜಿನಿನ ಬಲ ಎರಡು ಚಕ್ರಗಳಿಗೆ ಮಾತ್ರ ಮುಟ್ಟುತ್ತದೆ. ಮಿಕ್ಕ ಎರಡು ಸುಮ್ಮನೆ ಜೊತೆಯಲ್ಲಿ ಉರುಳುತ್ತವೆ. ನಾಲ್ಕು ಚಕ್ರಗಳಿಗೂ ಬಲ ಮುಟ್ಟಿಸುವ ವಾಹನಗಳದು ಬೇರೊಂದು ಜಾತಿ. ನಾವು ಕನ್ನಡಿಗರು ತಯಾರಕರ ಹೆಸರನ್ನು ವಿಚಾರಿಸುವ ಗೋಜಿಗೆ ಹೋಗದೆ ಆ ಜಾತಿಗೆಲ್ಲ ‘ಜೀಪು’ ಎಂದು ಒಂದೇ ನಾಮಕರಣ ಮಾಡಿ ನಿಶ್ಚಿಂತರಾಗಿದ್ದೇವೆ. ಆಸ್ಟ್ರೇಲಿಯದ ಬಯಲಿನಲ್ಲಿ ಲ್ಯಾಂಡ್ ರೋವರಿನ ಒಡೆಯನಿಗೋ ಲ್ಯಾಂಡ್ ಕ್ರೂಸರಿನ ಒಡೆಯನಿಗೋ ಹಾಗೆಂದರೆ ಅವನು ನೊಂದುಕೊಂಡಾನು. ಯಾರ ಗಾಡಿ ಹೆಚ್ಚು ಗಟ್ಟಿ ಎಂಬ ಪ್ರಶ್ನೆ ಅಲ್ಲಿ ಮೂರು ತಲೆಮಾರುಗಳಿಂದ ಉರಿಯುತ್ತಿರುವ ಶಿಬಿರದ ಬೆಂಕಿ. ಆ ಗಟ್ಟಿತನವೆಂಬುದು ಏನು, ಅದನ್ನು ಕುರಿತ ಪೈಪೋಟಿ ಹಗೆತನವಾಗದೆ ಉಳಿದದ್ದು ಹೇಗೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಮೊದಲು ವಂಶಾವಳಿಯನ್ನು ನೋಡಬೇಕು. ಸ್ವಾರಸ್ಯವೆಂದರೆ, ಇಷ್ಟು ಜಗಳವಾಡುವ ಈ ಗಾಡಿಗಳೆಲ್ಲ ಒಂದೇ ತಾಯಿಯ ಮಕ್ಕಳು. 1940ರಲ್ಲಿ, ಯುದ್ಧದ ಮೋಡ ಕವಿಯುತ್ತಿದ್ದಾಗ, ಅಮೆರಿಕದ ಸೈನ್ಯವು ಒಂದು ಹಗುರವಾದ, ನಾಲ್ಕು ಚಕ್ರಗಳಿಗೂ ಬಲವುಳ್ಳ ವಾಹನವನ್ನು ಕೆಲವೇ ವಾರಗಳಲ್ಲಿ ಮಾಡಿಕೊಡಬೇಕೆಂದು ಮೋಟಾರು ತಯಾರಕರನ್ನು ಕೇಳಿತು. ಗಡುವಿನೊಳಗೆ ಮಾದರಿಯನ್ನು ತಂದು ನಿಲ್ಲಿಸಿದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಅದರ ನಕ್ಷೆಯನ್ನು ಬರೆದವನು ಕಾರ್ಲ್ ಪ್ರಾಬ್ಸ್ಟ್. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಭಾಗ್ಯ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಜಗತ್ತಿನ ನಾನಾ ಕೆಸರುಗಳನ್ನು ಕಂಡಿದ್ದವು.

ಹಾಗೆ ಉಳಿದ ಜೀಪುಗಳಲ್ಲಿ ಒಂದು ವೇಲ್ಸಿನ ಆಂಗಲ್ಸೀ ದ್ವೀಪದ ಹೊಲವೊಂದಕ್ಕೆ ಬಂದು ಸೇರಿತು. ಹೊಲದ ಯಜಮಾನ ಮಾರಿಸ್ ವಿಲ್ಕ್ಸ್. ಇಂಗ್ಲೆಂಡಿನ ರೋವರ್ ಕಂಪನಿಯ ಮುಖ್ಯ ಇಂಜಿನಿಯರು. ಇದು ಸವೆದು ಹೋದರೆ ಮುಂದೇನು ಎಂಬ ಚಿಂತೆಯಿಂದ ಹುಟ್ಟಿದ್ದು ಲ್ಯಾಂಡ್ ರೋವರ್. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಅದು ಮೊದಲು ಜನರ ಕಣ್ಣಿಗೆ ಬಿತ್ತು. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಉಕ್ಕಿಗೆ ಪಡಿತರವಿದ್ದುದರಿಂದ ಅದರ ಮೈಯನ್ನು ಅಲ್ಯುಮಿನಿಯಮ್ ಮಿಶ್ರಲೋಹದಿಂದ ಮಾಡಿದರು. ಬಡತನದಿಂದ ಬಂದ ಈ ಉಪಾಯವೇ ಮುಂದೆ ಅದರ ಹೆಮ್ಮೆಯಾಯಿತು. ಏಕೆಂದರೆ ಆ ಲೋಹಕ್ಕೆ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ.

ಅತ್ತ ಜಪಾನಿನಲ್ಲಿ ಟೊಯೊಟಾ ಕಂಪನಿಯು 1951ರಲ್ಲಿ ಅದೇ ಜಾತಿಯ ಒಂದು ವಾಹನವನ್ನು ಕಟ್ಟಿತು. ಇಚಿರೋ ತೈರಾ ಎಂಬ ಪರೀಕ್ಷಾ ಚಾಲಕನು ಅದನ್ನು ಫ್ಯೂಜಿ ಪರ್ವತದ ಆರನೆಯ ನಿಲ್ದಾಣದವರೆಗೆ ಹತ್ತಿಸಿದನು. ಅದನ್ನು ಕಣ್ಣಾರೆ ಕಂಡ ಪೊಲೀಸ್ ಇಲಾಖೆಯವರು 289 ಗಾಡಿಗಳನ್ನು ಬೇಕೆಂದರು. ಆದರೆ ‘ಜೀಪು’ ಎಂಬ ಹೆಸರು ವಿಲ್ಲೀಸ್ ಕಂಪನಿಯ ಸ್ವತ್ತಾಗಿತ್ತು. ಬೇರೊಂದು ಹೆಸರು ಬೇಕಾಯಿತು. ಇಂಗ್ಲಿಷರ ಗಾಡಿ ಭೂಮಿಯ ಮೇಲಿನ ಅಲೆಮಾರಿ ಎಂಬರ್ಥದ ‘ಲ್ಯಾಂಡ್ ರೋವರ್’ ಆದರೆ, ಗೌರವದಲ್ಲಿ ಅದಕ್ಕೆ ಕಡಮೆಯಾಗದ ಹೆಸರು ತಮ್ಮದೂ ಆಗಿರಲೆಂದು ಕಂಪನಿಯ ಹಾಂಜಿ ಉಮೆಹಾರ ಅವರು 1954ರಲ್ಲಿ ‘ಲ್ಯಾಂಡ್ ಕ್ರೂಸರ್’ ಎಂಬುದನ್ನು ಆರಿಸಿದರು. ಪೈಪೋಟಿ ನಾಮಕರಣದ ತೊಟ್ಟಿಲಲ್ಲಿಯೇ ಕಣ್ಣು ತೆರೆದಿತ್ತು ಎನ್ನಬೇಕು.

ಇವೆರಡೂ ಮುಖಾಮುಖಿಯಾದ ರಣರಂಗ ಆಸ್ಟ್ರೇಲಿಯದ ಸ್ನೋಯಿ ಪರ್ವತಗಳು. ಅಲ್ಲಿ 1949ರಿಂದ 1974ರವರೆಗೆ ನದಿಗಳನ್ನು ತಡೆದು ತಿರುಗಿಸಿ ವಿದ್ಯುತ್ತನ್ನೂ ನೀರಾವರಿಯನ್ನೂ ಸಾಧಿಸಿದ ಒಂದು ಮಹಾಯೋಜನೆ ನಡೆಯಿತು. ಹದಿನಾರು ದೊಡ್ಡ ಅಣೆಕಟ್ಟುಗಳು, ಏಳು ವಿದ್ಯುದಾಗಾರಗಳು, ಬೆಟ್ಟಗಳ ಹೊಟ್ಟೆಯಲ್ಲಿ ನೂರಕ್ಕೂ ಹೆಚ್ಚು ಮೈಲಿಗಳ ಸುರಂಗಗಳೂ ಕಾಲುವೆಗಳೂ. ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಸುಮಾರು ಒಂದು ಲಕ್ಷ ಜನ ಅಲ್ಲಿ ದುಡಿದರು. 121 ಮಂದಿ ಪ್ರಾಣ ತೆತ್ತರು. ಹಿಮ, ಕೆಸರು, ಬಂಡೆ, ಕಡಿದಾದ ಇಳಿಜಾರು ಇವುಗಳ ನಡುವೆ ಆಳುಗಳನ್ನೂ ಸಾಮಾನನ್ನೂ ಸಾಗಿಸುವ ಕೆಲಸಕ್ಕೆ ಮೊದಲು ಒದಗಿದ್ದು ಲ್ಯಾಂಡ್ ರೋವರ್. 1950ರ ದಶಕದ ಕೊನೆಯಲ್ಲಿ ಗುತ್ತಿಗೆದಾರ ಲೆಸ್ಲಿ ತೀಸ್ ಜಪಾನಿನಿಂದ ಕೆಲವು ಲ್ಯಾಂಡ್ ಕ್ರೂಸರುಗಳನ್ನು ತರಿಸಿದನು. ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಆ ದೇಶದಲ್ಲಿ ಜಪಾನಿನ ಗಾಡಿಯನ್ನು ಕೊಳ್ಳಲು ಎದೆ ಬೇಕಾಗಿತ್ತು. ಆದರೆ ಬೆಟ್ಟಕ್ಕೆ ದೇಶಾಭಿಮಾನವಿಲ್ಲ. ಹತ್ತಿದ್ದನ್ನು ಅದು ಹತ್ತಿತು ಎಂದೇ ಒಪ್ಪುತ್ತದೆ. ಲ್ಯಾಂಡ್ ಕ್ರೂಸರಿನ ಆರು ಸಿಲಿಂಡರುಗಳ ದೊಡ್ಡ ಇಂಜಿನು ಏರಿನಲ್ಲಿ ಏದುಸಿರು ಬಿಡಲಿಲ್ಲ.

ಅಂದಿನಿಂದ ಆಸ್ಟ್ರೇಲಿಯದಲ್ಲಿ ಒಂದು ಗಾದೆಯೇ ಹುಟ್ಟಿತು: ಕಾಡಿಗೆ ಹೋಗಬೇಕಾದರೆ ಲ್ಯಾಂಡ್ ರೋವರಿನಲ್ಲಿ ಹೋಗು, ಹಿಂದಿರುಗಿ ಬರಬೇಕಾದರೆ ಲ್ಯಾಂಡ್ ಕ್ರೂಸರಿನಲ್ಲಿ ಹೋಗು ಎಂದು. ರೋವರಿನವರು ಸುಮ್ಮನಿರುವರೇ? ‘ನಿಮ್ಮ ಗಾಡಿ ಹಿಂದಿರುಗುವುದೇನೋ ನಿಜ, ಮನೆಗೆ ಬಂದ ಮೇಲೆ ತುಕ್ಕು ಹಿಡಿದು ಉದುರುತ್ತದೆ’ ಎಂಬುದು ಅವರ ಉತ್ತರ. ‘ನಿಮ್ಮ ಗಾಡಿ ನಿಂತ ಕಡೆಯೆಲ್ಲ ಎಣ್ಣೆ ತೊಟ್ಟಿಕ್ಕುತ್ತದಲ್ಲ’ ಎಂದರೆ, ‘ತೊಟ್ಟಿಕ್ಕುವುದು ನಿಂತಾಗಲೇ ಒಳಗೆ ಎಣ್ಣೆಯಿಲ್ಲವೆಂದು ನಾವು ಹೆದರುವುದು’ ಎಂದು ಅವರೇ ನಗುತ್ತಾರೆ. ತನ್ನ ಗಾಡಿಯನ್ನು ತಾನೇ ಹಾಸ್ಯಮಾಡಬಲ್ಲವನ ಅಭಿಮಾನ ವಿಷವಾಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಇಬ್ಬರೂ ವಾದಿಸುತ್ತಿರುವಾಗಲೇ ಮೂರನೆಯವನೊಬ್ಬ ಸದ್ದಿಲ್ಲದೆ ಮುಂದೆ ಹೋದ ಪ್ರಸಂಗವೂ ಉಂಟು. 1962ರಲ್ಲಿ ರೆಜ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ಮರಳಿನ ದಿಬ್ಬಗಳು ಸಾಲುಗಟ್ಟಿ ನಿಂತಿರುವ ಸಿಂಪ್ಸನ್ ಮರುಭೂಮಿಯನ್ನು ಮೋಟಾರು ವಾಹನದಲ್ಲಿ ಮೊದಲ ಬಾರಿಗೆ ದಾಟಿದನು. ಆ ವಾಹನ ರೋವರೂ ಅಲ್ಲ, ಕ್ರೂಸರೂ ಅಲ್ಲ, ನಿಸ್ಸಾನ್ ಪಟ್ರೋಲ್. ಅದೇ ವಂಶದ ಗಾಡಿಯೇ ಮುಂದೆ ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾಗಿ ‘ಜೋಂಗಾ’ ಎಂಬ ಹೆಸರಿನಿಂದ ನಮ್ಮ ಸೈನ್ಯದಲ್ಲಿ ಬಹುಕಾಲ ದುಡಿಯಿತು.

ಇರಲಿ, ಗಟ್ಟಿತನವೆಂದರೇನು? ಮೊದಲನೆಯ ಉತ್ತರ ಎಲ್ಲರಿಗೂ ತೋಚುವಂಥದು: ಮುರಿಯದಿರುವುದು. ಇಂಥ ವಾಹನಗಳ ತಳದಲ್ಲಿ ಏಣಿಯಾಕಾರದ ಉಕ್ಕಿನ ಚಾಸಿ ಇರುತ್ತದೆ. ಒಂದು ಚಕ್ರ ಬಂಡೆಯ ಮೇಲೂ ಇನ್ನೊಂದು ಹಳ್ಳದಲ್ಲಿಯೂ ಇರುವಾಗ ಗಾಡಿಯ ಮೈ ತಿರುಚಿಕೊಳ್ಳುವುದನ್ನು ಅದು ತಾಳಿಕೊಳ್ಳಬೇಕು. ಕೆಳಹಂತದ ಗೇರುಗಳು ವೇಗವನ್ನು ಅರ್ಧಕ್ಕಿಳಿಸಿ ಎಳೆತವನ್ನು ಹೆಚ್ಚುಕಡಮೆ ಇಮ್ಮಡಿಸುತ್ತವೆ. ಬಲದ ಆ ಹೊರೆಯನ್ನೆಲ್ಲ ಹೊರುವುದು ಅಚ್ಚಿನೊಳಗಿನ ದಂಡಗಳು.

ಆದರೆ ಬಲವಿದ್ದರೆ ಸಾಲದು, ಅದು ನೆಲಕ್ಕೆ ಮುಟ್ಟಬೇಕು. ಇಲ್ಲೊಂದು ಸೂಕ್ಷ್ಮವಿದೆ. ತಿರುವಿನಲ್ಲಿ ಹೊರಗಡೆಯ ಚಕ್ರ ಒಳಗಡೆಯ ಚಕ್ರಕ್ಕಿಂತ ಹೆಚ್ಚು ದೂರ ಸಾಗಬೇಕಾದ್ದರಿಂದ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಡನ್ನು ಇಟ್ಟಿರುತ್ತಾರೆ. ಅದು ಎರಡು ಎತ್ತುಗಳ ನಡುವಿನ ನೊಗವಿದ್ದಂತೆ. ನಡುವೆ ತಿರುಗುವ ನೊಗದಲ್ಲಿ ಒಂದು ಎತ್ತು ಮತ್ತೊಂದಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಒಂದು ಸೋತರೆ ನೊಗ ಓರೆಯಾಗಿ ಇನ್ನೊಂದರ ಶಕ್ತಿಯೂ ವ್ಯರ್ಥ. ಹಾಗೆಯೇ ಒಂದು ಚಕ್ರ ಕೆಸರಿನಲ್ಲಿ ಹಿಡಿತ ತಪ್ಪಿ ಗಿರ್ರನೆ ಸುತ್ತತೊಡಗಿದರೆ, ಗಟ್ಟಿನೆಲದ ಮೇಲಿರುವ ಜೊತೆಯ ಚಕ್ರವೂ ನಿಸ್ಸಹಾಯಕವಾಗುತ್ತದೆ. ನಾಲ್ಕು ಚಕ್ರಗಳಿಗೂ ಬಲವಿದ್ದ ಗಾಡಿ ಎರಡು ಚಕ್ರ ಜಾರಿದೊಡನೆ ನಿಂತುಬಿಡುವುದು ಈ ಕಾರಣದಿಂದ. ಆ ನೊಗವನ್ನು ಬಿಗಿದು ಕಟ್ಟುವ ಉಪಾಯಕ್ಕೇ ಡಿಫರೆನ್ಷಿಯಲ್ ಲಾಕ್ ಎನ್ನುತ್ತಾರೆ. ಮರಳಿನಲ್ಲಾದರೋ ಅದಕ್ಕೂ ಮೊದಲಿನ ಉಪಾಯ ಟಯರಿನ ಗಾಳಿಯನ್ನು ಇಳಿಸುವುದು. ಮೂವತ್ತು ಮೂವತ್ತೈದು ಪೌಂಡು ಇದ್ದುದನ್ನು ಇಪ್ಪತ್ತಕ್ಕೂ ಕೆಳಗೆ ತಂದರೆ ಟಯರು ಒಂಟೆಯ ಪಾದದಂತೆ ಅಗಲವಾಗಿ ಹರಡಿ ಗಾಡಿಯ ಭಾರವನ್ನು ಹಂಚುತ್ತದೆ. ಬಿಗಿದುಕೊಂಡಿದ್ದು ಹೂಳುತ್ತದೆ, ಸಡಿಲಗೊಂಡಿದ್ದು ತೇಲುತ್ತದೆ.

ಗಟ್ಟಿತನಕ್ಕೆ ಎರಡನೆಯ ಉತ್ತರವೊಂದಿದೆ. ನನಗೆ ಅದು ಹೆಚ್ಚು ಹಿಡಿಸುತ್ತದೆ. ಹಳೆಯ ಲ್ಯಾಂಡ್ ರೋವರಿನ ಹಿಂದಿನ ಅಚ್ಚಿನಲ್ಲಿ ಚಕ್ರಕ್ಕೆ ಬಲವನ್ನು ಒಯ್ಯುವ ಹಾಫ್ ಶಾಫ್ಟ್ ಎಂಬ ದಂಡಗಳು ಮುರಿಯುವುದಕ್ಕೆ ಹೆಸರಾಗಿದ್ದವು. ಕ್ರೂಸರಿನವರ ಕುಹಕಕ್ಕೆ ಇದೇ ಮುಖ್ಯ ಆಹಾರ. ಆದರೆ ರೋವರಿನ ಅನುಭವಿಯಾದ ಚಾಲಕನು ಆಸನದಡಿಯಲ್ಲಿ ಇನ್ನೊಂದು ದಂಡವನ್ನು ಇಟ್ಟುಕೊಂಡೇ ಹೊರಡುತ್ತಿದ್ದನು. ಮಾದರಿ ಸುಧಾರಿಸಿದ ಮೇಲೆ, ಗಾಡಿಯ ಭಾರವನ್ನು ಹೊರುವ ಭಾಗ ಬೇರೆ, ಬಲವನ್ನು ಒಯ್ಯುವ ದಂಡ ಬೇರೆ ಎಂಬ ರಚನೆಯಿದ್ದುದರಿಂದ, ಚಕ್ರವನ್ನು ಕಳಚದೆಯೇ ಮುರಿದ ದಂಡವನ್ನು ಹೊರಗೆಳೆದು ಹೊಸದನ್ನು ತೂರಿಸಬಹುದಾಗಿತ್ತು. ಹೊಸದು ಇಲ್ಲದಿದ್ದರೂ ಮುರಿದ ತುಂಡುಗಳನ್ನು ತೆಗೆದುಹಾಕಿ, ಮುಂದಿನ ಚಕ್ರಗಳ ಬಲದಿಂದಲೇ ಕುಂಟುತ್ತ ಊರು ಸೇರಬಹುದಾಗಿತ್ತು. ಒಂದು ಗಾಡಿ ಮುರಿಯುವುದು ವಿರಳ. ಇನ್ನೊಂದು ಮುರಿದರೂ ದಾರಿಯಲ್ಲಿಯೇ ಕೂಡಿಸಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಗಟ್ಟಿ? ಮನುಷ್ಯರ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿದರೆ ನಾವು ಸುಲಭವಾಗಿ ಉತ್ತರ ಹೇಳಲಾರೆವು.

ಈ ಎರಡನೆಯ ಬಗೆಯ ಗಟ್ಟಿತನಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್ ಎಂಬ ಊರಿನಿಂದ 3636 ಮೀಟರ್ ಎತ್ತರದ ಸಂದಕ್‌ಫೂ ಶಿಖರಕ್ಕೆ, ಬರಿಯ ಕಲ್ಲು ಹಾಸಿದ ಸುಮಾರು 31 ಕಿಲೋಮೀಟರಿನ ದಾರಿಯಲ್ಲಿ, 1950ರ ದಶಕದ ಲ್ಯಾಂಡ್ ರೋವರುಗಳು ಆರೇಳು ದಶಕಗಳ ಕಾಲ ಪ್ರಯಾಣಿಕರನ್ನು ಹೊತ್ತವು. ಕಾರ್ಖಾನೆಯಿಂದ ಬಿಡಿಭಾಗ ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ ಆ ಊರಿನ ಚಾಲಕರೂ ಮೆಕ್ಯಾನಿಕರೂ ಅವುಗಳ ಉಸಿರು ನಿಲ್ಲಲು ಬಿಡಲಿಲ್ಲ. ಅಲ್ಲಿ ಗಟ್ಟಿಯಾಗಿದ್ದುದು ಗಾಡಿಯೋ ಕೈಯೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ನಮ್ಮ ನಾಡಿಗೆ ಬಂದರೆ, ಸ್ವಾತಂತ್ರ್ಯ ಬಂದ ಕಾಲದಲ್ಲಿ ಮುಂಬಯಿಯ ಮಹೀಂದ್ರ ಕಂಪನಿಯು ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೂ ಮಲೆನಾಡಿನ ಅಡಕೆಯ ಸೀಮೆಗೂ ಜೀಪು ಮನೆಯ ಆಳಿನಂತೆ ಒಗ್ಗಿಹೋಯಿತು. ಗೊಬ್ಬರ ಹೊತ್ತದ್ದೂ ಅದೇ, ಹೆರಿಗೆಯ ನೋವು ಕಂಡ ಹೆಣ್ಣನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ದದ್ದೂ ಅದೇ. 1985ರಲ್ಲಿ ಮಾರುತಿಯವರ ಜಿಪ್ಸಿ ಬಂದಾಗ ಇಲ್ಲಿಯೂ ಎರಡು ಪಂಗಡಗಳಾದವು. ಭಾರವಾದ ಜೀಪು ತೂಕದಿಂದಲೇ ನೆಲವನ್ನು ಕಚ್ಚಿ ಹಿಡಿಯುತ್ತದೆಂದು ಒಂದು ಪಂಗಡ; ಹಗುರವಾದ ಜಿಪ್ಸಿ ಕೆಸರಿನಲ್ಲಿ ಹೂತುಕೊಳ್ಳುವ ಮೊದಲೇ ದಾಟಿಬಿಡುತ್ತದೆಂದು ಇನ್ನೊಂದು. ಎರಡೂ ನಿಜವೇ, ಯಾವ ಕೆಸರು, ಎಷ್ಟು ಆಳ ಎಂಬುದರ ಮೇಲೆ ನಿಜ ಬದಲಾಗುತ್ತದೆ.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಬೆಟ್ಟದ ದಾರಿಯಲ್ಲಿ ನಾನು ಬಾಡಿಗೆಯ ಹಳೆಯ ಜೀಪೊಂದರಲ್ಲಿ ಕುಳಿತು ಹೋಗುತ್ತಿದ್ದೆ. ಶ್ರಾವಣದ ಮಳೆ. ಹೊರಡುವ ಮುನ್ನ ಚಹದ ಅಂಗಡಿಯಲ್ಲಿ ನಮ್ಮ ಚಾಲಕನಿಗೂ ಹೊಸ ಗಾಡಿಯ ಇನ್ನೊಬ್ಬ ಚಾಲಕನಿಗೂ ಯಾರ ವಾಹನ ಮೇಲೆಂದು ಬಿರುಸಾದ ಚರ್ಚೆ ನಡೆದಿತ್ತು. ಅರ್ಧ ದಾರಿಯಲ್ಲಿ ನಮ್ಮ ಜೀಪು ಒಂದು ಮಗ್ಗುಲಿಗೆ ಜಾರಿತು. ಹಿಂದಿನ ಚಕ್ರ ಕಂದಕದ ಅಂಚಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಕೆಳಗೆ ಬರಿಯ ಮಂಜು. ಅರ್ಧ ಗಂಟೆಯ ಮೇಲೆ ಹಿಂದಿನಿಂದ ಆ ಇನ್ನೊಬ್ಬ ಬಂದನು. ಇಳಿದು, ಸುತ್ತ ನೋಡಿ, ‘ಏನು ಮಾರಾಯ, ನಿನ್ನ ಪಲ್ಲಕ್ಕಿಗೆ ಬೋಯಿಗಳು ಸಾಲಲಿಲ್ಲವಾ?’ ಎಂದನು. ನಮ್ಮವನು, ‘ಹಗ್ಗ ಕೊಡು ಮಾರಾಯ, ಮಾತು ಚಹದ ಅಂಗಡಿಯಲ್ಲಿ ಆಡುವಾ’ ಎಂದನು. ಮುಂದೆ ಹತ್ತು ನಿಮಿಷ ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಕೈಸನ್ನೆಯಷ್ಟೇ. ಒಂದೊಂದು ಗೇಣು ಎಳೆದು ನಮ್ಮನ್ನು ದಾರಿಗೆ ತಂದರು. ಅಂಚಿನಲ್ಲಿ ನಿಂತಿದ್ದ ಆ ಅರ್ಧ ಗಂಟೆ ಗಟ್ಟಿತನದ ವಿಷಯದಲ್ಲಿ ನನಗೆ ಕಲಿಸಿದಷ್ಟನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ.

ದೂರದ ದಾರಿಗಳನ್ನು ತುಳಿಯುವವರಲ್ಲಿ ಇದು ಅಲಿಖಿತ ಶಾಸನ. ಪಶ್ಚಿಮ ಆಸ್ಟ್ರೇಲಿಯದ ಕ್ಯಾನಿಂಗ್ ಸ್ಟಾಕ್ ರೂಟ್ ಎಂಬುದು ಹಿಂದೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಹಾದಿ. ಉದ್ದ ಸುಮಾರು 1850 ಕಿಲೋಮೀಟರು. ನಡುವೆ ಐವತ್ತೊಂದು ಬಾವಿಗಳು, ದಾಟಬೇಕಾದ ಮರಳುದಿಬ್ಬಗಳು ನೂರಾರು. ಮೋಟಾರು ವಾಹನಗಳು ಅದನ್ನು ಕೊನೆಮುಟ್ಟ ಕ್ರಮಿಸಿದ್ದು 1968ರಲ್ಲಿ. ಅಂಥ ಕಡೆ ಗಾಡಿ ಕೆಟ್ಟು ನಿಂತರೆ ನೀರು ಮುಗಿಯುವುದಕ್ಕೂ ಜೀವ ಹೋಗುವುದಕ್ಕೂ ನಡುವೆ ಹೆಚ್ಚು ದಿನಗಳಿರುವುದಿಲ್ಲ. ಆದ್ದರಿಂದಲೇ ಅನುಭವಿಗಳು ಒಂಟಿ ಗಾಡಿಯಲ್ಲಿ ಹೋಗಬೇಡಿರೆಂದು ಹೇಳುತ್ತಾರೆ. ಜೊತೆಯ ಗಾಡಿ ಎದುರು ಪಂಗಡದ್ದಾದರೇನು? ನಿಮ್ಮ ಗಾಡಿಯ ಗಟ್ಟಿತನದಲ್ಲಿ ಅದೂ ಒಂದು ಭಾಗ.

ಹಗ್ಗಕ್ಕೂ ಒಂದು ಶಾಸ್ತ್ರವಿದೆ. ಹೂತ ಗಾಡಿಯನ್ನು ಸೆಳೆಯಲು ಬಳಸುವ ನೈಲಾನಿನ ಪಟ್ಟಿ ರಬ್ಬರಿನಂತೆ ಹಿಗ್ಗಿ, ಎಳೆಯುವ ಗಾಡಿಯ ವೇಗವನ್ನು ತನ್ನಲ್ಲಿ ಕೂಡಿಟ್ಟುಕೊಂಡು ಮೆಲ್ಲನೆ ಒಪ್ಪಿಸುತ್ತದೆ. ಅದನ್ನು ಎರಡು ಗಾಡಿಗಳಲ್ಲಿಯೂ ಚಾಸಿಗೆ ಭದ್ರವಾಗಿ ಬಿಗಿದ ಕೊಕ್ಕೆಗಳಿಗೇ ಕಟ್ಟಬೇಕು. ಟ್ರೇಲರನ್ನು ಸಿಕ್ಕಿಸುವ ಉಕ್ಕಿನ ಗುಂಡಿಗೆ ಕಟ್ಟಿದರೆ, ಅದು ಕಿತ್ತುಬಂದು ಫಿರಂಗಿಯ ಗುಂಡಿನಂತೆ ಹಾರುತ್ತದೆ. ಹಾಗೆ ಹಾರಿ ಜನರನ್ನು ಕೊಂದದ್ದುಂಟು. ಒಂದು ತುದಿ ಎಷ್ಟೇ ಗಟ್ಟಿಯಾಗಿದ್ದರೂ ಇನ್ನೊಂದು ದುರ್ಬಲವಾದರೆ ಇಬ್ಬರಿಗೂ ಅಪಾಯ. ಎದುರಾಳಿಯ ಗಾಡಿಯೂ ಗಟ್ಟಿಯಾಗಿರಲಿ ಎಂದು ಮನಸಾರೆ ಹಾರೈಸಬೇಕಾದ ಪೈಪೋಟಿ ಇದೊಂದೇ ಇರಬಹುದೇನೋ!

ಈ ಮಾತನ್ನು ಅಕ್ಷರಶಃ ಒಪ್ಪಿಕೊಂಡ ಪಂದ್ಯವೊಂದಿತ್ತು. 1980ರಲ್ಲಿ ಅಮೆಜಾನ್ ಕಾಡಿನ ದಾರಿಯಲ್ಲಿ ಜೀಪುಗಳೊಡನೆ ಆರಂಭವಾಗಿ, ಮರುವರ್ಷದಿಂದ ಬಹುಕಾಲ ಲ್ಯಾಂಡ್ ರೋವರ್ ಕಂಪನಿಯ ವಾಹನಗಳಲ್ಲಿ ನಡೆದು, 2000ದಲ್ಲಿ ಮುಗಿದ ಕ್ಯಾಮೆಲ್ ಟ್ರೋಫಿ. ನಾನಾ ದೇಶಗಳ ತಂಡಗಳು ಅದರಲ್ಲಿ ಸೆಣಸುತ್ತಿದ್ದವು. ಅಲ್ಲಿ ಗೆದ್ದವರಿಗೆ ಒಂದು ಬಹುಮಾನವಿದ್ದರೆ, ಸಹಕಾರದ ಮನೋಭಾವಕ್ಕೆ ಬೇರೊಂದು ಬಹುಮಾನವಿತ್ತು. ಅದನ್ನು ತೀರ್ಮಾನಿಸುತ್ತಿದ್ದವರು ಸ್ಪರ್ಧಿಗಳೇ, ತಮ್ಮೊಳಗೆ ಮತ ಹಾಕಿ. ಸೇತುವೆ ಕುಸಿದಲ್ಲಿ ಮರ ಕಡಿದು ಹಾಕಿದವರು ಯಾರು, ತಮ್ಮ ಸಮಯವನ್ನು ಕಳೆದುಕೊಂಡು ಇನ್ನೊಬ್ಬರ ಗಾಡಿಯನ್ನು ಎಳೆದವರು ಯಾರು ಎಂಬುದನ್ನು ಜೊತೆಯಲ್ಲಿ ಕೆಸರು ತುಳಿದವರಲ್ಲದೆ ಮತ್ತಾರು ಬಲ್ಲರು?

2016ರ ಜನವರಿ 29ರಂದು, ಆ ಮೊದಲ ಲ್ಯಾಂಡ್ ರೋವರಿನ ನೇರ ಸಂತತಿಯ ಕೊನೆಯ ಗಾಡಿ ಇಂಗ್ಲೆಂಡಿನ ಸೋಲಿಹಲ್ ಕಾರ್ಖಾನೆಯಿಂದ ಹೊರಬಂದಿತು. ಅಲ್ಲಿಗೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ತಯಾರಾಗಿದ್ದವು. ಲ್ಯಾಂಡ್ ಕ್ರೂಸರುಗಳ ಮಾರಾಟ 2019ರಲ್ಲಿ ಒಂದು ಕೋಟಿಯನ್ನು ದಾಟಿತು. ಅಂಕಿಗಳನ್ನು ನೋಡಿ ತೀರ್ಪು ಕೊಡುವುದಾದರೆ ಜಗಳ ಅಂದೇ ಮುಗಿಯಬೇಕಿತ್ತು. ಮುಗಿದಿಲ್ಲ. ಹಳೆಯ ರೋವರಿನ ಒಡೆಯನು ಇಂದಿಗೂ ಎಣ್ಣೆ ಒರೆಸಿಕೊಂಡು ಬೆಂಕಿಯ ಮುಂದೆ ಬಂದು ಕೂರುತ್ತಾನೆ. ಕ್ರೂಸರಿನವನು ಅವನಿಗಾಗಿ ಜಾಗ ಮಾಡಿಕೊಡುತ್ತಾನೆ. ನಾಳೆ ಬೆಳಗಾದರೆ ಇಬ್ಬರೂ ಒಂದೇ ದಾರಿಯಲ್ಲಿ ಹೋಗಬೇಕಾದವರು. ಹಗ್ಗ ಇಬ್ಬರ ಗಾಡಿಯಲ್ಲಿಯೂ ಇದೆ. ಯಾರ ಹಗ್ಗ ಮೊದಲು ಹೊರಗೆ ಬರುವುದೋ ಅದನ್ನು ದಾರಿಯೇ ಹೇಳಬೇಕು.